ಮಳೆಗಾಲದಲ್ಲಿ ಕುದುರೆಮುಖ ಹತ್ತುದು ಯಾಕೆ ಅಪಾಯ?

ಮಂಜು ಮತ್ತೆ ತೋಡು (ಅಂದ್ರೆ ಹಳ್ಳ), ಇವೆರಡೇ ದೊಡ್ಡ ಅಪಾಯ, ಎರಡಕ್ಕೂ ಕಾರಣ ಆ ಶಿಖರ ಇರುವ ಜಾಗ. ಕುದುರೆಮುಖ (1,894 ಮೀಟರ್) ಇರುದು ಘಟ್ಟದ ನೆತ್ತಿಯಲ್ಲಿ, ಅಂದ್ರೆ ಮಳೆನೀರು ಎರಡು ಪಾಲಾಗುವಲ್ಲಿ. ಪಶ್ಚಿಮಕ್ಕೆ ಇಳಿದದ್ದು ನೇತ್ರಾವತಿ ಸೇರಿ ನಮ್ಮ ಮಂಗಳೂರಿನ ಅಳಿವೆಗೆ ಬರ್ತದೆ, ಪೂರ್ವಕ್ಕೆ ಇಳಿದದ್ದು ಭದ್ರಾ, ತುಂಗಭದ್ರಾ, ಕೃಷ್ಣಾ ಅಂತ ಸುತ್ತಿ ಬಂಗಾಳ ಕೊಲ್ಲಿಗೆ.

ಸಮುದ್ರದ ತೇವದ ಗಾಳಿ ಈ ಗೋಡೆಗೆ ಬಡಿದು ಮೇಲೇರುವಾಗ ತಣ್ಣಗಾಗಿ ಅಲ್ಲೇ ಮೋಡ ಆಗ್ತದೆ, ನೀವು ಆ ಮೋಡದ ಒಳಗೇ ನಡೀತಾ ಇರ್ತೀರಿ. ಈಗಷ್ಟೇ ಕಂಡ ಗುಡ್ಡ ಐದು ನಿಮಿಷದಲ್ಲಿ ಮಾಯ, ಎದುರು ಹೋಗುವವರ ಬ್ಯಾಗಿನ ಬಣ್ಣವೂ ಕಾಣುದಿಲ್ಲ, ಹುಲ್ಲುಗುಡ್ಡ ಎಲ್ಲಾ ಕಡೆ ಒಂದೇ ತರ, ದನ ಓಡಾಡಿದ ಜಾಡು ಕೂಡ ಟ್ರೆಕ್ ದಾರಿಯ ಹಾಗೇ ಕಾಣ್ತದೆ. ಟ್ರೆಕ್ ಶುರುವಾಗುವ ಮುಳ್ಳೋಡಿ ಊರಿನ ಕಡೆಯಿಂದ ಏರು ಹದವಾಗಿ ಉಂಟು, ಆದ್ರೆ ಬೆಳ್ತಂಗಡಿ ಬದಿಗೆ ಒಮ್ಮೆಲೇ ಕಡಿದ ಹಾಗೆ ಪ್ರಪಾತ ಮಾರಾಯ್ರೆ.

ತೋಡು ಇನ್ನೂ ಮೋಸ. ನೀವು ನಿಂತಲ್ಲಿ ಮಳೆ ಇಲ್ಲದಿದ್ರೂ ಮೇಲೆ ಸುರಿದಿದ್ರೆ ಸಾಕು, ಬೆಳಿಗ್ಗೆ ಮೊಣಕಾಲಿಗಿದ್ದ ನೀರು ವಾಪಸ್ ಬರುವಾಗ ಸೊಂಟಕ್ಕೆ ಬಂದಿರ್ತದೆ. ನೀರು ಕೆಂಪಾಗಿ ಕಡ್ಡಿ, ಎಲೆ ತೇಲಿ ಬಂದ್ರೆ ದಾಟಲೇಬೇಡಿ, ಇಳಿಯುವವರೆಗೆ ಕಾಯಿರಿ.

ಇಂಬಳಕ್ಕೆ (ಜಿಗಣೆಗೆ) ಎಲ್ರೂ ಹೆದರ್ತಾರೆ, ಅದು ರಕ್ತ ಕುಡಿದು ಉದುರ್ತದೆ ಅಷ್ಟೇ. ಒದ್ದೆ ಬಟ್ಟೆಯಲ್ಲಿ ಆ ಗಾಳಿಗೆ ನಿಂತು ಮೈ ನಡುಗ್ಲಿಕ್ಕೆ ಶುರುವಾದ್ರೆ ಅದು ಹೆಚ್ಚು ಕಷ್ಟ, ಒಣ ಅಂಗಿ ಒಂದು ಪ್ಲಾಸ್ಟಿಕ್ಕಲ್ಲಿ ಸುತ್ತಿ ಇಟ್ಕೊಳ್ಳಿ.

ಅರಣ್ಯ ಇಲಾಖೆಯ ಪರ್ಮಿಟ್ ತೆಗೊಂಡು ಊರಿನ ಗೈಡ್ ಜೊತೆಗೇ ಹೋಗಿ, ಅವ್ರು ತಿರುಗುವಾ ಅಂದ್ರೆ ತುದಿ ಅರ್ಧ ಗಂಟೆ ದೂರ ಇದ್ರೂ ದಯವಿಟ್ಟು ತಿರುಗಿ ಬನ್ನಿ.