ಜಿಂಬಲ್ ಬೇಡ, ಹತ್ತು ಎಣಿಸಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ: "ಸರ್, ಯಾವ ಕ್ಯಾಮೆರಾ ತಗೊಳ್ಳಲಿ?" ಕೋಲಾರದಲ್ಲಿ ಭಾನುವಾರದ ಕ್ಲಾಸ್ ಶುರು ಮಾಡಿದ ದಿನದಿಂದ ಇದೇ ಪ್ರಶ್ನೆ ನನ್ನ ಬೆನ್ನು ಹತ್ತಿದೆ. ಉತ್ತರ: ಈಗ ನಿಮ್ಮ ಜೇಬಿನಲ್ಲಿ ಇರುವುದು. ಮೈಕ್ ಯಾವುದು ಅಂತ ಇಷ್ಟು ಜನರಲ್ಲಿ ಒಬ್ಬರೂ ಕೇಳಿಲ್ಲ. ಬೈಟ್ ಅಂದರೆ ಜನ ಕ್ಯಾಮೆರಾ ಮುಂದೆ ಆಡುವ ಮಾತು, ವಾಯ್ಸ್ ಓವರ್ ಅಂದರೆ ಚಿತ್ರದ ಮೇಲೆ ನೀವು ಓದುವ ಮಾತು, ಪಿಟಿಸಿ ಅಂದರೆ ವರದಿಗಾರ ಕ್ಯಾಮೆರಾ ನೋಡಿಕೊಂಡು ಹೇಳುವ ಮಾತು; ಇದಕ್ಕಿಂತ ಜಾಸ್ತಿ ಇಲ್ಲಿ ಬಿಡಿಸಿ ಹೇಳಲ್ಲ. ಸಾಲದಿದ್ದರೆ ಒಂದು ದಿನ ಬುಲೆಟಿನ್ ಪೂರ್ತಿ ಕೂತು ನೋಡಿ, ತಿಳಿಯುತ್ತೆ.

ಪ್ರಶ್ನೆ: ಕೋಲಾರ ಎಪಿಎಂಸಿಯ ಟೊಮ್ಯಾಟೊ ಮಾರುಕಟ್ಟೆಯಲ್ಲಿ ಬೆಳಿಗ್ಗೆ 40 ನಿಮಿಷ ಶೂಟ್ ಮಾಡಿದೆ. ಎಡಿಟ್‌ಗೆ ಕೂತರೆ ಎರಡು ನಿಮಿಷದ ಸ್ಟೋರಿಯೂ ಆಗುತ್ತಿಲ್ಲ. ಒಂದು ಶಾಟ್‌ಗೆ ಇನ್ನೊಂದು ಕೂಡುತ್ತಿಲ್ಲ. ಜಿಂಬಲ್ (ಫೋನ್ ಅಲುಗಾಡದ ಹಾಗೆ ಹಿಡಿಯುವ ಹಿಡಿಕೆ) ತಗೊಂಡರೆ ಸರಿಹೋಗುತ್ತಾ? (ಮುಳಬಾಗಿಲಿನ ಪತ್ರಿಕೋದ್ಯಮ ವಿದ್ಯಾರ್ಥಿನಿ)

ಸರಿಹೋಗಲ್ಲಮ್ಮ. ನೀವು ಕಳಿಸಿದ ಫುಟೇಜ್ ಪೂರ್ತಿ ನೋಡಿದೆ. 40 ನಿಮಿಷದಲ್ಲಿ ಫೋನ್ ಅಲುಗಾಡದೆ ನಿಂತಿರುವುದು ಎರಡೇ ಸಲ. ಅದರಲ್ಲಿ ಒಂದು, ರೆಕಾರ್ಡಿಂಗ್ ನಿಲ್ಲಿಸೋದು ಮರೆತು ಕೈ ಇಳಿಬಿಟ್ಟಾಗ ಸಿಕ್ಕ ನಿಮ್ಮ ಚಪ್ಪಲಿ. ಉಳಿದದ್ದೆಲ್ಲ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಗೋಡೆಗೆ ಸುಣ್ಣ ಬಳಿದ ಹಾಗೆ. ಜಿಂಬಲ್ ಇದ್ದಿದ್ದರೆ ಅದೇ ಸುಣ್ಣವನ್ನು ಇನ್ನಷ್ಟು ನುಣ್ಣಗೆ ಬಳಿಯುತ್ತಿದ್ದಿರಿ, ಅಷ್ಟೇ.

ಮೊದಲು ನಿಲ್ಲಬೇಕು. ಫ್ರೇಮ್ ಇಡಿ, ರೆಕಾರ್ಡ್ ಒತ್ತಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಮೊದಲ ಎರಡು ಸೆಕೆಂಡ್ ಕೈ ತಡವರಿಸುತ್ತೆ, ಕೊನೆಯ ಎರಡು ಸೆಕೆಂಡ್ ಬೆರಳು ಬಟನ್ ಹುಡುಕುತ್ತೆ. ಮಧ್ಯದ ಆರು ಸೆಕೆಂಡ್ ಮಾತ್ರ ನಿಮ್ಮದು. ಎಡಿಟ್‌ನಲ್ಲಿ ಒಂದು ಶಾಟ್‌ಗೆ ಬೇಕಾಗುವುದು ಮೂರೋ ನಾಲ್ಕೋ ಸೆಕೆಂಡ್, ಹಾಗಾಗಿ ಆರು ಸಾಕು. ಮಾರುಕಟ್ಟೆಯಲ್ಲಿ ಎಲ್ಲ ಓಡಾಡುತ್ತಲೇ ಇರುತ್ತೆ, ನೀವೂ ಓಡಿದರೆ ನೋಡುವವನ ಕಣ್ಣು ಎಲ್ಲಿ ಕೂರಬೇಕು?

ಎರಡನೆಯದು, "ಮಾರುಕಟ್ಟೆ" ಅನ್ನೋದನ್ನು ಶೂಟ್ ಮಾಡಲು ಹೋಗಬೇಡಿ. ಒಂದು ಕೆಲಸ ಹಿಡಿಯಿರಿ. ಹರಾಜು ತಗೊಳ್ಳಿ. ಹರಾಜು ಕೂಗುವವನು ಬಾಕ್ಸ್‌ಗಳ ಸಾಲಿನ ಮುಂದೆ ನಡೆಯುತ್ತಾ ರೇಟು ಕೂಗುತ್ತಾನೆ, ಸುತ್ತ ಕೊಳ್ಳುವವರು ಮುತ್ತಿಕೊಂಡಿರುತ್ತಾರೆ. ಅವನ ಮುಖ ಒಂದು ಶಾಟ್. ಟೊಮ್ಯಾಟೊ ಹಿಚುಕಿ ನೋಡುವ ಕೈ ಒಂದು ಶಾಟ್, ಅದಕ್ಕೆ ತೀರಾ ಹತ್ತಿರ ಹೋಗಿ, ಜೂಮ್ ಮಾಡಬೇಡಿ, ಕಾಲಲ್ಲಿ ನಡೆದುಹೋಗಿ. ಕೊಳ್ಳುವವನ ಭುಜದ ಹಿಂದಿನಿಂದ ಬಾಕ್ಸ್‌ಗಳ ಸಾಲು ಒಂದು. ಯಾವುದಾದರೂ ಎತ್ತರಕ್ಕೆ ಹತ್ತಿ ಇಡೀ ಗುಂಪು ಕಾಣುವ ವೈಡ್ ಒಂದು. ಆಮೇಲೆ, ಎಲ್ಲಕ್ಕಿಂತ ಮುಖ್ಯವಾಗಿ, ಬೆಳೆದ ರೈತ. ಅವನು ಗುಂಪಿನಿಂದ ಎರಡು ಹೆಜ್ಜೆ ಹಿಂದೆ, ಹೆಗಲ ಮೇಲೆ ಟವಲ್ ಹಾಕಿಕೊಂಡು ನಿಂತಿರುತ್ತಾನೆ. ಟೊಮ್ಯಾಟೊ ಕಡೆ ನೋಡುವುದೇ ಇಲ್ಲ, ಕೊಳ್ಳುವವನ ಬಾಯಿ ನೋಡುತ್ತಿರುತ್ತಾನೆ. ರೇಟು ನಿಂತ ಕೂಡಲೇ ಅವನ ಮುಖದಲ್ಲಿ ಏನೋ ಒಂದು ಆಗುತ್ತೆ. ಅದು ಒಂದು ಸೆಕೆಂಡ್ ಇರುತ್ತೆ. ನಿಮ್ಮ ಫೋನ್ ಆಗ ಎಲ್ಲಿತ್ತು? ಲಾರಿ ನಂಬರ್ ಪ್ಲೇಟ್ ಮೇಲೆ.

ಈ ಐದೂ ಶಾಟ್ ತೆಗೆಯುವಾಗ ಗುಂಪಿನ ಒಂದೇ ಪಕ್ಕದಲ್ಲಿ ಇರಿ. ರೈತ ಬಲಕ್ಕೆ ನೋಡುತ್ತಿದ್ದರೆ ವ್ಯಾಪಾರಿ ಎಡಕ್ಕೆ ನೋಡಬೇಕು, ಆಗಲೇ ಇಬ್ಬರೂ ಎದುರು ಬದುರು ಇದ್ದಾರೆ ಅನ್ನಿಸೋದು. ಇಬ್ಬರ ಮಧ್ಯೆ ಎಳೆದಂತಿರುವ ಕಾಣದ ಗೆರೆಯನ್ನು ನೀವು ದಾಟಿ ಆ ಕಡೆ ಹೋಗಿ ತೆಗೆದರೆ ಎಡಿಟ್‌ನಲ್ಲಿ ಇಬ್ಬರೂ ಒಂದೇ ಕಡೆ ಮುಖ ಮಾಡಿ ಬಸ್ ಕಾಯುತ್ತಾ ನಿಂತ ಹಾಗೆ ಕಾಣುತ್ತಾರೆ. ಶಾಟ್‌ಗೆ ಶಾಟ್ ಕೂಡದಿರಲು ಇದೂ ಕಾರಣ.

ಇನ್ನು ಸೌಂಡ್. ಕ್ಯಾಸೆಟ್ ಕಾಲದಲ್ಲಿ ನಾವು ಶೂಟ್ ಮಾಡಿ ಕ್ಯಾಸೆಟ್ ಅನ್ನು ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು, ಮೆಜೆಸ್ಟಿಕ್‌ನಲ್ಲಿ ಆಫೀಸಿನ ಹುಡುಗ ಇಳಿಸಿಕೊಳ್ಳುತ್ತಿದ್ದ. ಒಂದು ಸಲ ಹಾಗೆ ಕಳಿಸಿ ಮನೆಗೆ ಬಂದು ಊಟಕ್ಕೆ ಕೂತಿದ್ದೆ, ಡೆಸ್ಕ್‌ನಿಂದ ಫೋನ್ ಬಂತು. ಹನ್ನೆರಡು ನಿಮಿಷ ಬೈಟ್, ಒಂದಕ್ಕೂ ಸೌಂಡ್ ಇಲ್ಲ. ಮೈಕ್‌ನ ಸ್ವಿಚ್ ನಾನೇ ಹಾಕಿರಲಿಲ್ಲ. ಬೆಳೆ ಕಳಕೊಂಡ ಹೆಂಗಸು ಮಾತಾಡುತ್ತಿರುವುದು ಕಾಣುತ್ತೆ, ಏನು ಹೇಳುತ್ತಿದ್ದಾಳೆ ಅಂತ ಗೊತ್ತಾಗಲ್ಲ. ಮತ್ತೆ ಅವಳ ಮುಂದೆ ಹೋಗಿ "ಇನ್ನೊಂದು ಸಲ ಹೇಳಮ್ಮಾ" ಅನ್ನಲು ನನಗೆ ಮುಖ ಇರಲಿಲ್ಲ. ಅವತ್ತಿನಿಂದ ಹೆಡ್‌ಫೋನ್ ಕಿವಿಗೆ ಹಾಕದೆ ಬೈಟ್ ತಗೊಂಡಿಲ್ಲ. ನೀವೂ ತಗೋಬೇಡಿ. ಕಾಲರ್‌ಗೆ ಸಿಕ್ಕಿಸುವ ವೈರ್ ಮೈಕ್ ಸಾಕು, ಬಾಯಿಂದ ಒಂದು ಗೇಣು ಕೆಳಗೆ ಇರಲಿ. ಬಾಕ್ಸ್ ಲಾರಿಗೆ ಎಸೆಯುವ ಸದ್ದು, ಹರಾಜಿನ ಕೂಗು, ಇವನ್ನೂ ಅರ್ಧರ್ಧ ನಿಮಿಷ ಸುಮ್ನೆ ನಿಂತು ರೆಕಾರ್ಡ್ ಮಾಡಿಕೊಳ್ಳಿ. ಸ್ಟೋರಿ ಆ ಕೂಗಿನಿಂದಲೇ ಶುರುವಾಗಲಿ, ನಿಮ್ಮ ದನಿಯಿಂದ ಬೇಡ.

ನಿಮ್ಮ ಫುಟೇಜ್‌ನಲ್ಲಿ ನನಗೆ ಸಿಟ್ಟು ಬಂದ ಜಾಗ ಒಂದಿದೆ. ರೈತರೊಬ್ಬರು ತೆಲುಗಿನಲ್ಲಿ ಶುರು ಮಾಡುತ್ತಾರೆ, ನೀವು ತಡೆದು "ಕನ್ನಡದಲ್ಲಿ ಹೇಳಿ ಅಣ್ಣಾ" ಅನ್ನುತ್ತೀರಿ. ಅಲ್ಲಿಗೆ ಮನುಷ್ಯ ಮುಗಿದ. ಕೈಕಟ್ಟಿ ನಿಂತು "ಸರ್ಕಾರ ಬೆಂಬಲ ಬೆಲೆ ಕೊಡಬೇಕು" ಅಂತ ಪಾಠ ಒಪ್ಪಿಸಿದರು. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ಮನೆಮಾತು ತೆಲುಗು ಇರುವ ರೈತರು ಎಷ್ಟು ಜನ ಅಂತ ನಿಮಗೆ ನಾನು ಹೇಳಬೇಕಾ? ಅವರು ಯಾವ ಮಾತಿನಲ್ಲಿ ಬೈಯುತ್ತಾರೋ ಆ ಮಾತಿನಲ್ಲೇ ಬೈಟ್ ತಗೊಳ್ಳಿ. ಕೆಳಗೆ ಕನ್ನಡ ಸಬ್‌ಟೈಟಲ್ ಹಾಕಿ. ಇಲ್ಲವೇ ಮೊದಲ ಮೂರು ಸೆಕೆಂಡ್ ಅವರ ದನಿ ಕೇಳಿಸಿ, ಆಮೇಲೆ ಅದನ್ನು ತಗ್ಗಿಸಿ ಮೇಲೆ ಕನ್ನಡ ಓದಿ.

ಸ್ಕ್ರಿಪ್ಟ್ ಎಲ್ಲ ಮುಗಿದ ಮೇಲೆ ಬರೆಯಿರಿ, ಶಾಟ್‌ಗಳನ್ನು ಮುಂದಿಟ್ಟುಕೊಂಡು. ರಾಶಿ ಕಾಣುತ್ತಿರುವಾಗ "ರಾಶಿ ರಾಶಿ ಟೊಮ್ಯಾಟೊ" ಅಂತ ಯಾಕೆ ಓದಬೇಕು? ಚಿತ್ರದಲ್ಲಿ ಕಾಣದ್ದು ಹೇಳಿ: ಹೋದ ವಾರ 15 ಕೆಜಿ ಬಾಕ್ಸ್‌ಗೆ ಎಷ್ಟಿತ್ತು, ಕೀಳುವ ಕೂಲಿ ಎಷ್ಟು, ಗಾಡಿ ಬಾಡಿಗೆ ಎಷ್ಟು. ಎರಡು ನಿಮಿಷದಲ್ಲಿ ಬೈಟು, ಮಾರುಕಟ್ಟೆಯ ಸದ್ದು ಕಳೆದರೆ ನಿಮಗೆ ಉಳಿಯುವುದು 80 ಸೆಕೆಂಡ್. ನಿಧಾನವಾಗಿ ಓದಿದರೆ ಹೆಚ್ಚೆಂದರೆ 140 ಪದ. ನೀವು ಬರೆದಿರುವುದು 310.

2023ರ ಜುಲೈನಲ್ಲಿ ಬಾಕ್ಸ್ 2,000 ರೂಪಾಯಿ ದಾಟಿದಾಗ ಎಲ್ಲೆಲ್ಲಿಂದಲೋ ಕ್ಯಾಮೆರಾಗಳು ಬಂದವು, ಕೆಂಪು ರಾಶಿ ತೆಗೆದುಕೊಂಡು ಹೋದವು. ಬೆಲೆ ಬಿದ್ದಾಗ ರಸ್ತೆಗೆ ಸುರಿದ ರಾಶಿ ತೆಗೆಯುತ್ತಾರೆ. ಎರಡೂ ರಾಶಿಯೇ. ಹರಾಜು ಮುಗಿದ ಮೇಲೆ ರೈತನ ಕೈಗೆ ಬರುವ ಚೀಟಿಯ ಕ್ಲೋಸಪ್ ನಾನು ನೋಡಿದ್ದು ಕಮ್ಮಿ. ಎಷ್ಟು ಬಾಕ್ಸ್, ಎಷ್ಟು ರೇಟು, ಏನೇನು ಕಳೆದು ಕೈಗೆ ಎಷ್ಟು ಬಂತು ಅನ್ನೋದು ಅದರಲ್ಲೇ ಇರುತ್ತೆ. ಕೇಳಿ ತೆಗೆಯಿರಿ, ಹೆಸರು, ಫೋನ್ ನಂಬರ್ ಮೇಲೆ ಬೆರಳು ಇಡಲು ಹೇಳಿ. ನಾಳೆ ಬೆಳಿಗ್ಗೆ ಮತ್ತೆ ಹೋಗಿ. ಇಪ್ಪತ್ತು ಶಾಟ್ ತೆಗೆದು ಮನೆಗೆ ಬನ್ನಿ, ಇಪ್ಪತ್ತೊಂದನೆಯದು ಬೇಡ.

ಪ್ರಶ್ನೆ: ಒಬ್ಬರು 5,000 ರೂಪಾಯಿಗೆ ಪ್ರೆಸ್ ಕಾರ್ಡ್ ಕೊಡುತ್ತಾರಂತೆ. ಯೂಟ್ಯೂಬ್ ಚಾನೆಲ್‌ಗೆ ಕೇಂದ್ರ ಸರ್ಕಾರದ ನೋಂದಣಿಯೂ ಮಾಡಿಸುತ್ತಾರಂತೆ. ತಗೊಳ್ಳಲಾ? (ಚಿಂತಾಮಣಿ)

ಆ ದುಡ್ಡಿಗೆ ಮೈಕ್ ತಗೊಳ್ಳಿ. ಕೇಂದ್ರದ ನೋಂದಣಿ ಕಚೇರಿ, ಮೊದಲು ಆರ್‌ಎನ್‌ಐ ಅನ್ನುತ್ತಿದ್ದದ್ದು, 2024ರ ಮಾರ್ಚ್‌ನಿಂದ ಪ್ರೆಸ್ ರಿಜಿಸ್ಟ್ರಾರ್ ಜನರಲ್, ಅದು ಅಚ್ಚಾಗುವ ಪತ್ರಿಕೆಗಳಿಗೆ. ಯೂಟ್ಯೂಬ್ ಚಾನೆಲ್ ಅನ್ನು ಅಲ್ಲಿ ನೋಂದಾಯಿಸುವುದಿಲ್ಲ. ಪತ್ರಕರ್ತರಿಗೆ ಮಾನ್ಯತೆ ಕೊಡುವುದು ರಾಜ್ಯದ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ, ಅದಕ್ಕೆ ನಿಯಮ ಇದೆ, ಅದು ಮಾರಾಟದ ವಸ್ತು ಅಲ್ಲ. ಈ ಕಾರ್ಡ್ ಮಾರುವವರಿಂದಲೇ ನಿಜವಾದ ವರದಿಗಾರನನ್ನೂ ಜನ ಅನುಮಾನದಿಂದ ನೋಡುವ ಹಾಗಾಗಿದೆ. ಕಾರ್ಡ್ ಕೊಂಡು ಬೈಕಿಗೆ "ಪ್ರೆಸ್" ಅಂತ ಅಂಟಿಸಿಕೊಂಡು ಓಡಾಡುವವರು ಮುಂದಿನ ಸಲ ನನಗೆ ಪ್ರಶ್ನೆ ಕಳಿಸಬೇಡಿ.

ಪ್ರಶ್ನೆ: ನ್ಯೂಸ್ ಓದಲು ದನಿ ಗಂಭೀರ ಆಗಬೇಕು. 21 ದಿನದ ಗುಳಿಗೆ ಕೋರ್ಸ್ ಇದೆಯಂತೆ. (ಗೌರಿಬಿದನೂರು)

ಗಂಟಲಿನ ತಂತುಗಳ ಉದ್ದ, ದಪ್ಪ ಹೇಗಿದೆಯೋ ದನಿ ಹಾಗೆ. ಗುಳಿಗೆ ನುಂಗಿದರೆ ಅದು ಬದಲಾಗಲ್ಲ, ಮಾರುವವನ ಮನೆ ಬದಲಾಗುತ್ತೆ. ನೀವು ಕಳಿಸಿದ ಆಡಿಯೊ ಕೇಳಿದೆ, ದನಿ ಚೆನ್ನಾಗಿದೆ, "ಹಕ್ಕಿ ಜ್ವರ" ಮಾತ್ರ "ಅಕ್ಕಿ ಜ್ವರ" ಆಗಿದೆ. ದಿನಾ ಹದಿನೈದು ನಿಮಿಷ ಪೇಪರ್ ಗಟ್ಟಿಯಾಗಿ ಓದಿ. ಗಂಟಲು ಮೂರು ವಾರಕ್ಕಿಂತ ಜಾಸ್ತಿ ಕಟ್ಟಿಕೊಂಡೇ ಇದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ, ಕೋರ್ಸ್‌ನವನ ಹತ್ತಿರ ಅಲ್ಲ.

ಪ್ರಶ್ನೆ: ಸಾವಿನ ಸುದ್ದಿಗೆ ಯಾವ ಬ್ಯಾಕ್‌ಗ್ರೌಂಡ್ ಮ್ಯೂಸಿಕ್? (ಬಂಗಾರಪೇಟೆ)

ಯಾವುದೂ ಇಲ್ಲ.

ಪ್ರಶ್ನೆ: ಒಳಾಂಗಣದಲ್ಲಿ ವಿಡಿಯೊ ಮಿಣುಕುತ್ತೆ, ಫೋನ್ ಕೆಟ್ಟಿದೆಯಾ? (ಮಾಲೂರು)

ಇಲ್ಲ. ನಮ್ಮ ಕರೆಂಟ್ 50 ಹರ್ಟ್ಜ್, ಲೈಟು ಅದರ ತಾಳಕ್ಕೆ ಮಿಣುಕುತ್ತೆ; ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಕಾಣುತ್ತೆ. ಫ್ರೇಮ್ ರೇಟ್ ಸೆಕೆಂಡಿಗೆ 25, ಶಟರ್ 1/50 ಸೆಕೆಂಡ್ ಇಡಿ.

ಪ್ರಶ್ನೆ: ನಮ್ಮೂರಲ್ಲಿ ಶಾಲೆಯ ಮಗುವಿನ ಮೇಲೆ ದೌರ್ಜನ್ಯ ಆಗಿದೆ. ತಾಯಿಯ ಬೈಟ್, ಮನೆ, ಶಾಲೆಯ ಗೇಟ್ ಶೂಟ್ ಮಾಡಿದ್ದೇನೆ. ಮಗುವಿನ ಮುಖ ಬ್ಲರ್ ಮಾಡಿದರೆ ಸಾಕಲ್ವಾ? ಬೇರೆಯವರು ಆಗಲೇ ಹಾಕಿದ್ದಾರೆ. (ಊರಿನ ಹೆಸರು ನಾನೇ ತೆಗೆದಿದ್ದೇನೆ)

ಸಾಲದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಹೆಸರು, ಫೋಟೊ ಮಾತ್ರ ಅಲ್ಲ, ವಿಳಾಸ, ಮನೆಯವರು, ಶಾಲೆ, ನೆರೆಹೊರೆ, ಮಗು ಯಾರು ಅಂತ ಗೊತ್ತಾಗುವ ಯಾವುದನ್ನೂ ತೋರಿಸುವಂತಿಲ್ಲ. ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು ಆಗಬಹುದು. ಚಿಕ್ಕ ಊರಲ್ಲಿ ತಾಯಿಯ ದನಿ ಕೇಳಿದರೇ ಪಕ್ಕದ ಬೀದಿಯವರಿಗೆ ಗೊತ್ತಾಗುತ್ತೆ, ಬ್ಲರ್ ಏನು ಮಾಡುತ್ತೆ? ಬೇರೆಯವರು ಹಾಕಿದ್ದಾರೆ ಅನ್ನೋದು ಕೋರ್ಟಿನಲ್ಲಿ ನಿಲ್ಲುವ ಮಾತಲ್ಲ. ಪೊಲೀಸರು ಏನು ಕ್ರಮ ತಗೊಂಡರು ಅಂತ ಕೇಳಿ, ಸ್ಟೇಷನ್ ಮುಂದೆ ನಿಲ್ಲದೆ ಬೇರೆ ಎಲ್ಲಾದರೂ ನಿಂತು, ಊರಿನ ಹೆಸರೂ ಹೇಳದೆ ಪಿಟಿಸಿ ಕೊಡಿ, ಅಷ್ಟು ಸಾಕು. ಇದುವರೆಗೆ ಯಾವುದಾದರೂ ವಾಟ್ಸಾಪ್ ಗ್ರೂಪಿನಲ್ಲಿ ಕ್ಲಿಪ್ ಹಾಕಿದ್ದರೆ ಅವನ್ನು ಈಗಲೇ ತೆಗೆಯಿರಿ, ಈ ಉತ್ತರ ಓದಿದ ಮೇಲೆ ಅಲ್ಲ, ಓದುತ್ತಿರುವಾಗಲೇ.