ಸಣ್ಣ ಫ್ಲ್ಯಾಟಿಗೆ ಮರದ ಟೇಬಲ್ ನಾವೇ ಮಾಡಿಕೊಳ್ಳಬಹುದಾ?

ಹಾಲ್ ಚಿಕ್ಕದು, ಊಟಕ್ಕೂ ಲ್ಯಾಪ್‌ಟಾಪ್ ಕೆಲಸಕ್ಕೂ ಒಂದೇ ಟೇಬಲ್ ಬೇಕು, ಅಂಗಡಿಯ ಅಳತೆ ಯಾವುದೂ ಹೊಂದುತ್ತಿಲ್ಲ ಅಂತ ಕೇಳಿದ್ದೀರಿ. ಖಂಡಿತ ಮಾಡಿಕೊಳ್ಳಬಹುದು. ನಾನೇನೂ ಬಡಗಿಯಲ್ಲ. ಇದುವರೆಗೆ ಮಾಡಿದ್ದು ಎರಡು ಟೇಬಲ್. ಅದರಲ್ಲಿ ಮೊದಲನೆಯದು ಸೀಳು ಬಿಟ್ಟಿತು.

ಮರ ತರುವ ಮುಂಚೆ ಹಳೆ ಪೇಪರ್ ಅಂಟಿಸಿ, ಟೇಬಲ್‌ನಷ್ಟೇ ದೊಡ್ಡ ಹಾಳೆ ಮಾಡಿ ನೆಲಕ್ಕೆ ಹಾಸಿ. ನಾಲ್ಕು ದಿನ ಅದನ್ನು ತುಳಿಯದೆ ಓಡಾಡಿ ನೋಡಿ. ನಾನು 120 × 75 ಸೆಂ.ಮೀ. ಅಂದುಕೊಂಡಿದ್ದೆ. ಹಾಸಿದ ಮೇಲೆ ನೋಡಿದರೆ ಬಾಲ್ಕನಿ ಬಾಗಿಲು ಪೇಪರ್ ಮೇಲೆಯೇ ಬರುತ್ತಿತ್ತು! 110 × 60ಕ್ಕೆ ಇಳಿಸಿದೆ. ಕೂರುವ ಒಬ್ಬೊಬ್ಬರಿಗೂ ಸುಮಾರು 60 ಸೆಂ.ಮೀ. ಉದ್ದ ಬೇಕು. ಕುರ್ಚಿ ಹಿಂದಕ್ಕೆ ಸರಿಸಿ ಏಳಲು ಗೋಡೆ ಕಡೆ 75ರಿಂದ 90 ಸೆಂ.ಮೀ. ಬಿಡಿ. ಎತ್ತರ 75ರ ಆಸುಪಾಸು ಸಾಕು. ಹಲಗೆಯ ಕೆಳಗಿನ ಚೌಕಟ್ಟು ಮೊಣಕಾಲಿಗೆ ತಾಗಬಾರದು, ನೆಲದಿಂದ ಅಲ್ಲಿಗೆ 60 ಸೆಂ.ಮೀ.ಗಿಂತ ಜಾಸ್ತಿಯೇ ಇರಲಿ.

ಇನ್ನು ಆ ಸೀಳಿನ ಕಥೆ. ಮರ ಕಡಿದು ಎಷ್ಟು ವರ್ಷವಾದರೂ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಇದು ಇಲ್ಲ ಅನ್ನುವಷ್ಟು ಕಡಿಮೆ, ಆಟವೆಲ್ಲ ಅಗಲಕ್ಕೆ. 60 ಸೆಂ.ಮೀ. ಹಲಗೆ ಮೂರ್ನಾಲ್ಕು ಮಿ.ಮೀ. ಆಡುವುದು ಮಾಮೂಲಿ. ನಾನೋ, ಗಟ್ಟಿಯಾಗಿರಲಿ ಅಂತ ಹಲಗೆಯನ್ನು ಚೌಕಟ್ಟಿಗೆ ಅಂಟು ಹಾಕಿ, ಮೇಲೆ ಸ್ಕ್ರೂ ಬೇರೆ ಬಿಗಿದಿದ್ದೆ. ಒಣಹವೆ ಶುರುವಾದ ಮೇಲೆ ಒಂದು ರಾತ್ರಿ ಟಪ್ ಅಂತ ಸದ್ದು. ಬೆಳಿಗ್ಗೆ ನೋಡಿದರೆ ನಡುವೆ ಉದ್ದಕ್ಕೂ ಬಿರುಕು. ಎರಡನೆಯದಕ್ಕೆ ಅಂಟೇ ಹಾಕಲಿಲ್ಲ. ನಡುವಿನ ಸ್ಕ್ರೂ ಮಾತ್ರ ಬಿಗಿ. ಅಕ್ಕಪಕ್ಕದ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದ ಮಾಡಿ, ವಾಷರ್ ಇಟ್ಟು ಹದವಾಗಿ ತಿರುಗಿಸಿದೆ. ಈಗ ಅದರ ಪಾಡಿಗೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ.

ಇಷ್ಟೆಲ್ಲ ತಲೆಬಿಸಿ ಬೇಡ ಅಂದರೆ 18 ಮಿ.ಮೀ. ಪ್ಲೈವುಡ್ ತಗೊಳ್ಳಿ. ಅದರ ಪದರಗಳು ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ಅಷ್ಟು ಆಡುವುದಿಲ್ಲ. ಅಂಚಿಗೆ ಮರದ ಪಟ್ಟಿ ಹೊಡೆದರೆ ನೋಡಲೂ ಚೆನ್ನ. ಮೊದಲ ಸಲಕ್ಕೆ ನಾನು ಇದನ್ನೇ ಹೇಳುತ್ತೇನೆ.

ಕಾಲುಗಳಿಗೆ ಬೋಲ್ಟ್ ಹಾಕಿ, ಅಂಟು ಬೇಡ. ಮನೆ ಬದಲಾಯಿಸುವಾಗ ಬಿಚ್ಚದೆ ಬಾಗಿಲು ದಾಟಿಸುವುದು ಇದೆಯಲ್ಲ, ಅದು ಶತ್ರುವಿಗೂ ಬೇಡ. ಕೊಯ್ಯುವ ಕೆಲಸ ಮರದ ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ಫ್ಲ್ಯಾಟಿನಲ್ಲಿ ಗರಗಸದ ಸದ್ದು, ಧೂಳು ಎರಡೂ ಪಕ್ಕದ ಮನೆಗೆ ಹೋಗುತ್ತವೆ.

ಕೊನೆಯಲ್ಲಿ ಅಗಸೆ ಎಣ್ಣೆ ಹಚ್ಚುವುದಾದರೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ, ಪೂರ್ತಿ ಒಣಗಿದ ಮೇಲೆ ಬಿಸಾಡಿ.