ಮಂಗಳನ ಫೋಟೊ ನೋಡ್ತಾ ಕೂತರೆ ಅದು ಅಧ್ಯಯನ ಅನ್ನಿಸಿಕೊಳ್ಳುತ್ತಾ?

ಅನ್ನಿಸಿಕೊಳ್ಳುತ್ತದೆ, ಅಳತೆ ಮಾಡಿದರೆ.

ನೀವು ಕೇಳಿದ್ದು ಇಷ್ಟು: ಊರು ವಿಜಯಪುರ, ಪುಣೆಯಲ್ಲಿ ಭೂಗೋಳ ತಗೊಂಡು ಬಿಎಸ್ಸಿ ಓದುತ್ತಿದ್ದೀರಿ, ಟೆಲಿಸ್ಕೋಪ್ ಇಲ್ಲ, ಹಾಸ್ಟೆಲಿನಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇದೆ, ಮಂಗಳನ ಸುತ್ತ ತಿರುಗುವ ನೌಕೆಗಳು ತೆಗೆದ ಫೋಟೊ ಇಟ್ಟುಕೊಂಡು ಆ ನೆಲದ ಬಗ್ಗೆ ನಿಜವಾಗಿ ಏನಾದರೂ ಕಲಿಯಬಹುದಾ, ಇಲ್ಲ ಸುಮ್ನೆ ಚಿತ್ರ ನೋಡಿ ಖುಷಿಪಡೋದಷ್ಟೇನಾ ಅಂತ. ಟೆಲಿಸ್ಕೋಪ್ ಚಿಂತೆ ಬಿಟ್ಟುಬಿಡಿ. ಪುಣೆಯ ಧೂಳು, ದೀಪದ ನಡುವೆ ಸಣ್ಣ ಟೆಲಿಸ್ಕೋಪಿನಲ್ಲಿ ಮಂಗಳ ಒಂದು ಕೆಂಪು ಬೊಟ್ಟು. ರೋವರುಗಳು ಇಳಿದ ಜಾಗ ಬೆರಳೆಣಿಕೆಯಷ್ಟು. ಉಳಿದ ಇಡೀ ಗ್ರಹವನ್ನು ದೊಡ್ಡ ದೊಡ್ಡ ವಿಜ್ಞಾನಿಗಳೂ ಮೇಲಿನಿಂದ ತೆಗೆದ ಚಿತ್ರದಲ್ಲೇ ಓದುವುದು, ಮತ್ತು ಅದೇ ಚಿತ್ರಗಳು ನಿಮಗೂ ಪುಕ್ಕಟೆ ಸಿಗುತ್ತವೆ.

ನಾನು ಇಲ್ಲಿ ಹಡಪ್ಸರ್ ಕಡೆ ಉಪಗ್ರಹ ಚಿತ್ರ ನೋಡಿ ನಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಹಗಲೆಲ್ಲ ಕಬ್ಬಿನ ಗದ್ದೆ, ಕೆರೆ, ರಸ್ತೆ. ರಾತ್ರಿ ಊಟ ಆದಮೇಲೆ ಮಂಗಳ. ವಿಜ್ಞಾನಿ ಅಲ್ಲ, ಹವ್ಯಾಸ. ಹಾಗಾಗಿ ಕೈಗೆ ಸಿಗುವಂಥದ್ದನ್ನೇ ಹೇಳುತ್ತೇನೆ.

ನಿಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ನಾಸಾದ ಮಾರ್ಸ್ ರೆಕಾನಸನ್ಸ್ ಆರ್ಬಿಟರ್, 2006ರಲ್ಲಿ ಮಂಗಳನ ಕಕ್ಷೆ ಸೇರಿದ ನೌಕೆ. ಅದರ ಕ್ಯಾಮೆರಾಗಳಲ್ಲಿ ನಿಮಗೆ ಬೇಕಾದವು ಎರಡು. ಹೈರೈಸ್ ಅನ್ನುವುದರ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 25-30 ಸೆಂಟಿಮೀಟರ್. ಒಂದು ಮೀಟರ್ ಚಿಲ್ಲರೆ ಗಾತ್ರದ ಬಂಡೆ ಎಣಿಸಬಹುದು. ಆದರೆ ಅದು ಒಂದು ಸಲಕ್ಕೆ ತೆಗೆಯುವ ನೆಲದ ಪಟ್ಟಿ ಬರೀ 6 ಕಿಲೋಮೀಟರ್ ಅಗಲ. ಇನ್ನೊಂದು ಸಿಟಿಎಕ್ಸ್, ಪಿಕ್ಸೆಲ್‌ಗೆ 6 ಮೀಟರ್, ಅಗಲ 30 ಕಿಲೋಮೀಟರ್, ಹೆಚ್ಚುಕಮ್ಮಿ ಇಡೀ ಗ್ರಹವನ್ನೇ ತೆಗೆದಿದೆ. ಹೊಸಬರೆಲ್ಲ ಹೈರೈಸ್ ಹಿಂದೆ ಬೀಳುತ್ತಾರೆ, ಚೆಂದ ಇರುತ್ತದೆ, ವಾಲ್‌ಪೇಪರ್ ಮಾಡಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ನೀವು ಸಿಟಿಎಕ್ಸ್‌ನಿಂದ ಶುರು ಮಾಡಿ. ಹಳ್ಳ ಎಲ್ಲಿ ಹುಟ್ಟಿತು, ಎಲ್ಲಿ ಹೋಗಿ ನಿಂತಿತು ಅನ್ನುವುದು 6 ಕಿಲೋಮೀಟರ್ ಕಿಟಕಿಯಲ್ಲಿ ಕಾಣುವುದಿಲ್ಲ.

ಚಿತ್ರ ತೆರೆದ ಕೂಡಲೇ ಆಕಾರ ನೋಡಬೇಡಿ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ನೋಡಿ. ಈ ನೌಕೆ ಯಾವ ಜಾಗದ ಮೇಲೆ ಹೋದರೂ ಅಲ್ಲಿ ಮಧ್ಯಾಹ್ನ ಮೂರರ ಆಸುಪಾಸಿನ ಹೊತ್ತು ಇರುವ ಹಾಗೆ ಕಕ್ಷೆ ಹೊಂದಿಸಿದ್ದಾರೆ. ಅಂದರೆ ಉತ್ತರ ಮೇಲಿಟ್ಟ ಚಿತ್ರದಲ್ಲಿ ಬಿಸಿಲು ಸಾಮಾನ್ಯವಾಗಿ ಎಡಗಡೆಯಿಂದ ಬರುತ್ತದೆ. ಕುಳಿ ಆದರೆ ಅದರ ಎಡ ಗೋಡೆ ಕಪ್ಪು, ಬಲ ಗೋಡೆ ಬೆಳ್ಳಗೆ. ದಿಬ್ಬ ಆದರೆ ತಿರುಗುಮುರುಗು. ಇದನ್ನು ತಲೆಯಲ್ಲಿ ಇಟ್ಟುಕೊಳ್ಳದಿದ್ದರೆ ಕುಳಿಗಳೆಲ್ಲ ಬೋರಲು ಹಾಕಿದ ಬಟ್ಟಲಿನ ಹಾಗೆ ಉಬ್ಬಿ ಕಾಣುತ್ತವೆ, ಯಾಕೆಂದರೆ ನಮ್ಮ ಕಣ್ಣಿಗೆ ಬೆಳಕು ಮೇಲಿನಿಂದ ಬಂದೇ ರೂಢಿ. ಆಗ ಚಿತ್ರವನ್ನೇ ತಿರುಗಿಸಿ, ಬೆಳಕು ಮೇಲ್ಗಡೆಯಿಂದ ಬರುವ ಹಾಗೆ ಮಾಡಿ, ಸರಿಹೋಗುತ್ತದೆ. ಮಂಗಳನ ಮೇಲೆ ಮನುಷ್ಯನ ಮುಖ ಇದೆ ಅಂತ ವಾಟ್ಸಾಪಲ್ಲಿ ಈಗಲೂ ಓಡಾಡುವ ಫೋಟೊ ಇದೆಯಲ್ಲ, ಅದು 1976ರ ಜುಲೈನಲ್ಲಿ ವೈಕಿಂಗ್ 1 ತೆಗೆದದ್ದು. ಸೂರ್ಯ ಕೆಳಗಿದ್ದ, ನೆರಳು ಉದ್ದವಾಗಿತ್ತು, ಮೂಗಿನ ಹೊಳ್ಳೆ ಅಂತ ತೋರಿಸುವ ಕಪ್ಪು ಚುಕ್ಕೆ ಡೇಟಾ ಬರುವಾಗ ಕಳೆದುಹೋದ ಪಿಕ್ಸೆಲ್. 1998ರಲ್ಲೂ 2001ರಲ್ಲೂ ಮಾರ್ಸ್ ಗ್ಲೋಬಲ್ ಸರ್ವೇಯರ್ ಅದೇ ಜಾಗವನ್ನು ಹತ್ತಿರದಿಂದ ತೆಗೆದಾಗ ಮೇಲೆ ಚಪ್ಪಟೆಯಾದ ಒಂದು ಸವೆದ ಗುಡ್ಡ ಸಿಕ್ಕಿತು, ಅಷ್ಟೇ.

ಇದೇ ನೆರಳು ಅಳತೆಗೆ ಬಂದರೆ ಚಿನ್ನ. ಒಂದು ಲೆಕ್ಕ ಪೂರ್ತಿ ಮಾಡಿ ತೋರಿಸುತ್ತೇನೆ. ಪ್ರತಿ ಚಿತ್ರದ ಜೊತೆ ಬರುವ ಮಾಹಿತಿಯಲ್ಲಿ ಇನ್ಸಿಡೆನ್ಸ್ ಆ್ಯಂಗಲ್ ಅಂತ ಒಂದು ಸಂಖ್ಯೆ ಇರುತ್ತದೆ, ಸೂರ್ಯ ನೆತ್ತಿಯಿಂದ ಎಷ್ಟು ಡಿಗ್ರಿ ಇಳಿದಿದ್ದಾನೆ ಅಂತ. ಅದು 70 ಇದ್ದರೆ ಸೂರ್ಯ ದಿಗಂತದಿಂದ 20 ಡಿಗ್ರಿ ಮೇಲಿದ್ದಾನೆ. ಸಿಟಿಎಕ್ಸ್ ಚಿತ್ರದಲ್ಲಿ ಒಂದೂವರೆ ಕಿಲೋಮೀಟರ್ ಅಗಲದ ಕುಳಿ ಇದೆ, ಅದರ ಎಡ ಅಂಚಿನಿಂದ ಒಳಗೆ ಬಿದ್ದ ನೆರಳು 100 ಪಿಕ್ಸೆಲ್ ಉದ್ದ ಅಂದುಕೊಳ್ಳಿ. 100 ಗುಣಿಸು 6, 600 ಮೀಟರ್. 20 ಡಿಗ್ರಿಯ ಟ್ಯಾನ್ 0.364. ಗುಣಿಸಿದರೆ ಸುಮಾರು 218 ಮೀಟರ್. ನೆರಳಿನ ತುದಿ ಬಿದ್ದ ಜಾಗ ಅಂಚಿಗಿಂತ ಅಷ್ಟು ಆಳದಲ್ಲಿದೆ. ಪಿಯುಸಿ ಗಣಿತ ಸಾಕು, ನೋಡಿ. ಈ ಲೆಕ್ಕಕ್ಕೆ ಚಳಿಗಾಲದಲ್ಲಿ, ಸೂರ್ಯ ಕೆಳಗಿದ್ದಾಗ ತೆಗೆದ ಚಿತ್ರವನ್ನೇ ಹುಡುಕಬೇಕು, ಕುಳಿಯ ಗೋಡೆ 30 ಡಿಗ್ರಿ ಇಳಿಜಾರಿದ್ದು ಸೂರ್ಯ 45 ಡಿಗ್ರಿ ಮೇಲಿದ್ದರೆ ನೆರಳೇ ಬೀಳುವುದಿಲ್ಲ. ಆಮೇಲೆ ನೆರಳಿನ ತುದಿ ಕುಳಿಯ ನಡುಭಾಗದ ಹತ್ತಿರ ಬಿದ್ದಿದೆಯಾ ಅಂತಲೂ ನೋಡಬೇಕು. ಗೋಡೆಯ ಮೇಲೇ ನಿಂತುಬಿಟ್ಟಿದ್ದರೆ ನಿಜವಾದ ಆಳ ಇನ್ನೂ ಜಾಸ್ತಿ.

ಈಗ ಈ 218ರಿಂದ ಏನು ಗೊತ್ತಾಯಿತು? ಹೊಸದಾಗಿ ಆದ ಸಣ್ಣ ಕುಳಿಯ ಆಳ ಅದರ ಅಗಲದ ಐದನೇ ಒಂದು ಭಾಗದಷ್ಟು ಇರುತ್ತದೆ. ಒಂದೂವರೆ ಕಿಲೋಮೀಟರಿಗೆ 300 ಮೀಟರ್ ಇರಬೇಕಿತ್ತು. ಉಳಿದ 80 ಚಿಲ್ಲರೆ ಮೀಟರ್ ಎಲ್ಲಿ ಹೋಯಿತು? ಮರಳು ತುಂಬಿತಾ, ಅಂಚು ಸವೆಯಿತಾ, ಲಾವಾ ನುಗ್ಗಿತಾ? ಪಕ್ಕದ ಹತ್ತಿಪ್ಪತ್ತು ಕುಳಿ ಅಳೆದು ನೋಡಿದರೆ ಒಂದೊಂದೇ ಬಿಡಿಸಿಕೊಳ್ಳುತ್ತದೆ. ಇದು ಚಿತ್ರ ನೋಡಿ ಖುಷಿಪಡುವ ಕೆಲಸ ಅಲ್ಲ, ಅಲ್ವಾ?

ನೀವು ಪುಣೆಯಲ್ಲಿದ್ದೀರಿ, ಇದು ನಿಮ್ಮ ಪುಣ್ಯ. ಸಂಭಾಜಿನಗರ, ಜಾಲ್ನಾ ದಾಟಿ ಹೋದರೆ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸಿಗುತ್ತದೆ. ಉಲ್ಕೆ ಬಿದ್ದು ಬಸಾಲ್ಟ್, ಅಂದರೆ ಲಾವಾ ಆರಿ ಆದ ಕರಿಕಲ್ಲಿನ ನೆಲದಲ್ಲಿ ಆದ ಕುಳಿ, ಅಗಲ ಸುಮಾರು 1.8 ಕಿಲೋಮೀಟರ್. ಮಂಗಳನ ನೆಲವೂ ಬಹುಪಾಲು ಬಸಾಲ್ಟೇ ಆದ್ದರಿಂದ ಅದನ್ನು ಓದುವವರು ದೇಶವಿದೇಶಗಳಿಂದ ಇಲ್ಲಿಗೆ ಬರುತ್ತಾರೆ. ಸಿಂಹಗಡದ ಮೆಟ್ಟಿಲು ಮೆಟ್ಟಿಲಾದ ಗುಡ್ಡ, ನಿಮ್ಮೂರಿನ ಎರೆಮಣ್ಣಿನ ಕೆಳಗಿನ ಕರಿಕಲ್ಲು, ಲೋಣಾರಿನ ಗೋಡೆ, ಎಲ್ಲ ಸುಮಾರು 6.6 ಕೋಟಿ ವರ್ಷದ ಹಿಂದಿನ ಅದೇ ಲಾವಾದ ಸಂಸಾರ. ಲೋಣಾರಿಗೂ ಐದನೇ ಒಂದು ಭಾಗದ ಲೆಕ್ಕ ಹಾಕಿ ನೋಡಿ: 360 ಮೀಟರ್ ಬರಬೇಕು. ಅಂಚಿನ ಮೇಲೆ ನಿಂತು ನೋಡಿದರೆ ಕೆರೆಯ ನೀರು ಸುಮಾರು 150 ಮೀಟರ್ ಕೆಳಗಿದೆ. ಉಳಿದದ್ದಕ್ಕೆ ಉತ್ತರ ಕಣ್ಣೆದುರೇ ಇದೆ, ಅಂಚು ಮಳೆಗೆ ಕರಗಿದೆ, ತಳದಲ್ಲಿ ಹೂಳು ದಪ್ಪಗೆ ಕೂತಿದೆ. ಈಶಾನ್ಯದ ಕಡೆ ಧಾರ್ ಅನ್ನುವ ಕೊರಕಲು ಅಂಚನ್ನು ಸೀಳಿಕೊಂಡು ಇಳಿದು, ಕೆಳಗೆ ಮಣ್ಣನ್ನು ಬೀಸಣಿಗೆಯಂತೆ ಹರಡಿದೆ. ಹೋಗುವ ಮುಂಚೆ ಗೂಗಲ್ ಅರ್ಥ್‌ನಲ್ಲಿ ಅದನ್ನೇ ಮೇಲಿನಿಂದ ನೋಡಿ, ಏನೇನು ಕಾಣಿಸಿತು ಅಂತ ಬರೆದಿಟ್ಟುಕೊಳ್ಳಿ, ಆಮೇಲೆ ಕಾಲಲ್ಲಿ ಇಳಿದು ಪರೀಕ್ಷೆ ಮಾಡಿ. ಮಂಗಳನಲ್ಲಿ ಈ ಸೌಕರ್ಯ ಇಲ್ಲ.

ಇಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಮಂಗಳನ ಗುಸೇವ್ ಕುಳಿಯ ಕಥೆ ಸಾಕು. ಸುಮಾರು 160 ಕಿಲೋಮೀಟರ್ ಅಗಲದ ಕುಳಿ, ದಕ್ಷಿಣದಿಂದ ಮಾದಿಮ್ ಅನ್ನುವ ನೂರಾರು ಕಿಲೋಮೀಟರ್ ಉದ್ದದ ಕಣಿವೆ ಬಂದು ಅದರೊಳಗೆ ಸೇರುತ್ತದೆ. ಮೇಲಿನಿಂದ ನೋಡಿದರೆ ಯಾರಾದರೂ ಕೆರೆ ಅಂತಲೇ ಅನ್ನಬೇಕು. ಕೆರೆಯ ಹೂಳು ಸಿಗುತ್ತದೆ ಅಂತಲೇ 2004ರ ಜನವರಿಯಲ್ಲಿ ಸ್ಪಿರಿಟ್ ರೋವರನ್ನು ಅಲ್ಲಿ ಇಳಿಸಿದರು. ಇಳಿದ ಬಯಲಲ್ಲಿ ಸಿಕ್ಕಿದ್ದು ಬಸಾಲ್ಟ್. ಹೂಳು ಇದ್ದಿದ್ದರೂ ಅದರ ಮೇಲೆ ಲಾವಾ ಹರಿದು ಮುಚ್ಚಿಹಾಕಿತ್ತು. ನೀರಿನ ಗುರುತಿರುವ ಕಲ್ಲುಗಳು ಆಮೇಲೆ ಪಕ್ಕದ ಕೊಲಂಬಿಯಾ ಬೆಟ್ಟಗಳಲ್ಲಿ ಸಿಕ್ಕವು. ಜೆಜೆರೋ ಅನ್ನುವ ಇನ್ನೊಂದು ಕುಳಿಯಲ್ಲೂ ಅರ್ಧ ಹೀಗೇ ಆಯಿತು. 2021ರ ಫೆಬ್ರವರಿ 18ರಂದು ಪರ್ಸಿವರೆನ್ಸ್ ರೋವರ್ ಅಲ್ಲಿ ಇಳಿಯಿತು, ಮೇಲಿನಿಂದ ಡೆಲ್ಟಾ ಅಂತ ಗುರುತಿಸಿದ್ದು ಡೆಲ್ಟಾನೇ ಅಂತ ಖಾತ್ರಿಯಾಯಿತು, ಆದರೆ ಕುಳಿಯ ತಳದಲ್ಲಿ ರೋವರ್ ಮೊದಲು ಕೊರೆದದ್ದು ಕೆರೆಯ ಹೂಳಲ್ಲ, ಬೆಂಕಿಯಲ್ಲಿ ಹುಟ್ಟಿದ ಕಲ್ಲು. ಫೋಟೊ ಆಕಾರ ಹೇಳುತ್ತದೆ, ಕಲ್ಲು ಯಾವುದು ಅಂತ ಹೇಳುವುದಿಲ್ಲ. ಅದಕ್ಕೆ ಬೆಳಕನ್ನು ನೂರಾರು ತರಂಗಾಂತರಗಳಾಗಿ ಬಿಡಿಸಿ ನೋಡುವ ಕ್ರಿಸ್ಮ್‌ನಂಥ ಬೇರೆ ಉಪಕರಣದ ಡೇಟಾ ಬೇಕು. ಪುಣೆ ಸುತ್ತಲಿನ ಕಲ್ಲು ಕ್ವಾರಿಗಳಲ್ಲಿ ಬಿಳಿ ಜಿಯೋಲೈಟ್ ಹರಳು ಸಿಗುತ್ತದಲ್ಲ, ಅದೇ ಜಾತಿಯ ಖನಿಜವನ್ನು ಮಂಗಳನಲ್ಲಿ ಕಕ್ಷೆಯಿಂದಲೇ ಪತ್ತೆ ಮಾಡಿದ್ದು ಹಾಗೆ.

ಬಣ್ಣವನ್ನೂ ನಂಬಬೇಡಿ. ಹೈರೈಸ್‌ನ ನೀಲಿ ಮರಳು ದಿನ್ನೆ ನಿಜವಾಗಿ ನೀಲಿ ಅಲ್ಲ. ಅದು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ಡನ್ನೂ ಸೇರಿಸಿ, ವ್ಯತ್ಯಾಸ ಎದ್ದು ಕಾಣಲಿ ಅಂತ ಮಾಡಿದ ಬಣ್ಣ. ಕಪ್ಪು ಬಸಾಲ್ಟ್ ಮರಳು ಅದರಲ್ಲಿ ನೀಲಿಯಾಗಿ ಬರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಒಂದೇ ಜಾಗದ ಎರಡು ತಾರೀಖಿನ ಚಿತ್ರ ಪಕ್ಕಪಕ್ಕ ಇಟ್ಟು ನೋಡುವುದು. 2021ರ ಡಿಸೆಂಬರ್ 24ರಂದು ಮಂಗಳನ ನೆಲದ ಮೇಲಿದ್ದ ಇನ್‌ಸೈಟ್ ಲ್ಯಾಂಡರಿನ ಕಂಪನ ಮಾಪಕಕ್ಕೆ ಒಂದು ದೊಡ್ಡ ನಡುಕ ಸಿಕ್ಕಿತು. ಆಮೇಲೆ ಕಕ್ಷೆಯ ಚಿತ್ರಗಳನ್ನು ನೋಡುತ್ತಿದ್ದವರಿಗೆ ಅಮೆಜೋನಿಸ್ ಬಯಲಲ್ಲಿ ಮೊದಲು ಇಲ್ಲದ ಒಂದು ಕಪ್ಪು ಕಲೆ ಕಂಡಿತು, ನಡುವೆ ಸುಮಾರು 150 ಮೀಟರಿನ ಹೊಚ್ಚ ಹೊಸ ಕುಳಿ, ಸುತ್ತ ಚೆಲ್ಲಿದ ಬಿಳಿ ಮಂಜುಗಡ್ಡೆ ತುಂಡುಗಳು. ಉಲ್ಕೆ ಬಿದ್ದದ್ದು, ನೆಲ ನಡುಗಿದ್ದು, ನೆಲದಡಿಯ ಹಿಮ ಹೊರಬಿದ್ದದ್ದು, ಮೂರೂ ಒಂದೇ ಘಟನೆ. ಇನ್ನೊಂದು ಕಡೆ ಇಳಿಜಾರುಗಳಲ್ಲಿ ಬೇಸಿಗೆಗೆ ಉದ್ದವಾಗಿ ಚಳಿಗಾಲಕ್ಕೆ ಮಾಸುವ ಕಪ್ಪು ಗೆರೆಗಳನ್ನು 2011ರಲ್ಲಿ ಪ್ರಕಟಿಸಿದಾಗ ನೀರು ನೀರು ಅಂತ ಪೇಪರಿನವರೆಲ್ಲ ಕುಣಿದರು. 2017ರಲ್ಲಿ ಆ ಇಳಿಜಾರುಗಳನ್ನು ಅಳೆದವರು, ಗೆರೆಗಳು ಒಣ ಮರಳು ಜಾರುವಷ್ಟು ಕಡಿದಾದ ಕಡೆಯೇ ಇವೆ, ಇಳಿಜಾರು ಕಡಿಮೆಯಾದ ಕಡೆ ನಿಂತುಬಿಡುತ್ತವೆ ಅಂತ ತೋರಿಸಿದರು. ನೀರಿನ ವಾದ ಅಲ್ಲಿಗೆ ತೆಳ್ಳಗಾಯಿತು. ಅಲ್ಲೂ ಗೆದ್ದಿದ್ದು ಇಳಿಜಾರಿನ ಅಳತೆ.

ನಮ್ಮ ಮಂಗಳಯಾನದ ಚಿತ್ರ ಬಳಸಬಹುದಾ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಕೇಳೇ ಕೇಳುತ್ತಾರೆ. ಬಳಸಬಹುದು. 2014ರ ಸೆಪ್ಟೆಂಬರ್ 24ರಂದು ಕಕ್ಷೆ ಸೇರಿದ ಅದು 70 ಸಾವಿರ ಕಿಲೋಮೀಟರಿಗೂ ದೂರ ಹೋಗಿ ಬರುತ್ತಿದ್ದರಿಂದ ಇಡೀ ಗ್ರಹವನ್ನು ಒಂದೇ ಚೌಕಟ್ಟಿನಲ್ಲಿ ತೆಗೆಯುತ್ತಿತ್ತು. ಧೂಳು, ಮೋಡ, ಧ್ರುವದ ಹಿಮ ನೋಡೋಕೆ ಅದು ಚೆನ್ನ. ಕುಳಿ ಅಳೆಯೋಕೆ ಸಿಟಿಎಕ್ಸೇ ಬೇಕು.

ಇನ್ನು ಸಾಮಾನು. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಜೆಮಾರ್ಸ್ ಅನ್ನುವ ಸಾಫ್ಟ್‌ವೇರ್ ಉಚಿತ, ಅದರಲ್ಲಿ ಈ ಚಿತ್ರಗಳ ಪದರಗಳು ಇವೆ, ಲೇಸರಿನಿಂದ ಅಳೆದ ಎತ್ತರದ ನಕ್ಷೆಯೂ ಇದೆ, ನಿಮ್ಮ ನೆರಳಿನ ಲೆಕ್ಕವನ್ನು ದೊಡ್ಡ ಕುಳಿಗಳಲ್ಲಿ ಅದಕ್ಕೆ ತಾಳೆ ನೋಡಬಹುದು. ನಕ್ಷೆ ಮಾಡುವ ಕ್ಯೂಜಿಐಎಸ್ ಸಾಫ್ಟ್‌ವೇರ್ ಭೂಗೋಳದವರಿಗೆ ಹೇಗೂ ಗೊತ್ತಿರುತ್ತದೆ, ಅದರಲ್ಲೂ ಆಗುತ್ತದೆ, ಆದರೆ ಭೂಮಿಯ ಪ್ರೊಜೆಕ್ಷನ್ (ಗುಂಡಗಿನ ಗ್ರಹವನ್ನು ಚಪ್ಪಟೆ ನಕ್ಷೆಗೆ ಇಳಿಸುವ ಲೆಕ್ಕ) ತೆಗೆದು ಮಂಗಳನದ್ದು ಹಾಕಬೇಕು, ಮಂಗಳನ ತ್ರಿಜ್ಯ ಸುಮಾರು 3,390 ಕಿಲೋಮೀಟರ್. ಇದನ್ನು ಮರೆತರೆ ಅಳತೆಯೆಲ್ಲ ಸುಮಾರು ಎರಡು ಪಟ್ಟು ಬರುತ್ತದೆ. ಹೈರೈಸ್‌ನ ಪೂರ್ತಿ ಫೈಲುಗಳು ಭಾರೀ ದೊಡ್ಡವು, ಹಾಸ್ಟೆಲ್ ವೈಫೈಯಲ್ಲಿ ಇಳಿಸೋಕೆ ಹೋಗಬೇಡಿ, ಸಣ್ಣ ಪ್ರತಿ ಇಟ್ಟಿರುತ್ತಾರೆ, ಶುರುವಿಗೆ ಅದೇ ಸಾಕು.

ಗೇಲ್, ಜೆಜೆರೋದಂಥ ಹೆಸರಾದ ಕುಳಿಗಳ ಕಡೆ ಹೋಗಬೇಡಿ, ಅಲ್ಲಿ ಈಗಾಗಲೇ ಜಾತ್ರೆ. ಯಾರೂ ಜಾಸ್ತಿ ಹೆಸರು ಹೇಳದ ಒಂದು ಬಯಲು ಆರಿಸಿ, ಒಂದೇ ಸಿಟಿಎಕ್ಸ್ ಚಿತ್ರ ತಗೊಳ್ಳಿ, ಅದರಲ್ಲಿ ಒಂದು ಕಿಲೋಮೀಟರಿಗಿಂತ ದೊಡ್ಡ ಕುಳಿಗಳ ಅಗಲ, ಆಳ ಬರೆದು ಒಂದು ಪಟ್ಟಿ ಮಾಡಿ. ಪಟ್ಟಿಯನ್ನು ಚಿತ್ರದ ನಂಬರ್ ಸಮೇತ ಇಲ್ಲೇ ಹಾಕಿ. ನಾನೂ ನಿಮ್ಮ ಲೆಕ್ಕ ನೋಡದೆ ಅದೇ ಕುಳಿಗಳನ್ನು ಅಳೆದು ಹಾಕುತ್ತೇನೆ, ಎಲ್ಲೆಲ್ಲಿ ಹೊಂದುವುದಿಲ್ಲವೋ ಅಲ್ಲಿಂದ ಮಾತು ಮುಂದುವರಿಸೋಣ.